ಬಣ್ಣದಣ್ಣನ ಬೆಳ್ಳಿ ನೀರು

ರೋಗ ಬಂದ ಮೇಲೆ ಮದ್ದು ಹುಡುಕುವವರು ಲೋಕದಲ್ಲಿ ಬಹಳ ಮಂದಿ. ಮದ್ದು ಕೈಗೆ ಬಂದ ಮೇಲೆ ರೋಗ ಹುಡುಕಿಕೊಂಡು ಬೀದಿಗೆ ಇಳಿಯುವವರು ಕಡಿಮೆ. ಬಣ್ಣದಣ್ಣ ಈ ಎರಡನೆಯ ಪಂಗಡಕ್ಕೆ ಸೇರಿದ್ದು ಅತ್ತೆಯ ದೆಸೆಯಿಂದ.

ಅವನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗಿರಾಕಿ ತನ್ನ ಗೋಡೆಯಿಂದ ಉದುರಿದ ಒಂದು ಚಕ್ಕೆ ತಂದುಕೊಟ್ಟರೆ ಸಾಕು, ಅದನ್ನು ಬಾಗಿಲ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇದಕ್ಕೆ ಒಂದು ಹನಿ ಕಪ್ಪು, ಅರೆ ಹನಿ ಹಳದಿ" ಎನ್ನುತ್ತಿದ್ದ. ಬೀದಿಯವರೆಲ್ಲ ಅವನನ್ನು ಬಣ್ಣದಣ್ಣ ಎಂದೇ ಕರೆದು ಕರೆದು, ಅವನ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಆದರೆ ಈ ವಿದ್ಯೆಗೆ ಮನೆಯಲ್ಲಿ ಬೆಲೆಯಿರಲಿಲ್ಲ. ಅವನ ಅತ್ತೆಗೆ ಇಬ್ಬರು ಅಳಿಯಂದಿರು. ದೊಡ್ಡವರು ಡಾಕ್ಟರು. ಚಿಕ್ಕವರು ಏನು ಮಾಡಿಕೊಂಡಿದ್ದಾರೆ ಎಂದು ಯಾರಾದರೂ ಕೇಳಿದರೆ ಅತ್ತೆ, "ಅವರೂ ಒಳ್ಳೆಯವರೇ" ಎಂದು ಮಾತು ಮುಗಿಸುತ್ತಿದ್ದರು. ಒಳ್ಳೆಯತನವೊಂದೇ ಕಸುಬಾದ ಮನುಷ್ಯನ ಕಷ್ಟ ಅನುಭವಿಸಿದವನಿಗೇ ಗೊತ್ತು.

ಆ ಸಲ ದೊಡ್ಡ ಮಗಳ ಮನೆಯ ನೆಲ ಅಗೆದು ಹಾಕಿದ್ದರಿಂದ ಅತ್ತೆ ಚಿಕ್ಕ ಮಗಳ ಮನೆಗೆ ಬಂದು ಉಳಿದರು. ಬರುವಾಗ ಒಂದು ಪೆಟ್ಟಿಗೆ, ಒಂದು ದಿಂಬು, ಥೈರಾಯ್ಡ್ ಮಾತ್ರೆಯ ಡಬ್ಬಿ ಮತ್ತು ದೊಡ್ಡ ಅಳಿಯನ ಮಾತುಗಳನ್ನು ತಂದಿದ್ದರು. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಮಾತುಗಳು ಊಟದ ಮೇಜಿನ ಮೇಲೇ ಉಳಿದವು.

"ಉಪ್ಪು ಕಡಿಮೆ ಇರಬೇಕು ಅಂತ ದೊಡ್ಡ ಅಳಿಯಂದಿರು ಹೇಳಿದ್ದಾರೆ."

ಬಣ್ಣದಣ್ಣ ಉಪ್ಪಿನ ಬಟ್ಟಲನ್ನು ಕೈಬಿಟ್ಟ.

"ಊಟ ಆದ ಕೂಡಲೇ ಒರಗಬಾರದಂತೆ. ಅದೂ ಅವರೇ ಹೇಳಿದ್ದು."

ಬಣ್ಣದಣ್ಣ ಸೋಫಾದ ಮೇಲೆ ನೆಟ್ಟಗೆ ಕೂತ. ಹೀಗೆ ನೆಟ್ಟಗೆ ಕೂತೂ ಕೂತೂ ಅವನ ಬೆನ್ನಿಗೂ ಸ್ವಾಭಿಮಾನಕ್ಕೂ ಏಕಕಾಲದಲ್ಲಿ ನೋವು ಶುರುವಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವನ ಫೋನಿನೊಳಗೆ ಬಿಳಿ ಅಂಗಿಯವನೊಬ್ಬ ಪ್ರತ್ಯಕ್ಷನಾದ. ಶುದ್ಧ ನೀರಿನಲ್ಲಿ ಎರಡು ಬೆಳ್ಳಿ ತಂತಿ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರೆ ಬೆಳ್ಳಿಯ ಕಣಗಳು ನೀರಿಗೆ ಇಳಿಯುತ್ತವೆ. ಆ ನೀರು ಕುಡಿದರೆ ನೆಗಡಿ, ಕೆಮ್ಮು, ಕೀಲುನೋವು, ಬಾಯಿಹುಣ್ಣು, ನಿದ್ದೆ ಬಾರದಿರುವುದು, ಅತಿನಿದ್ದೆ ಎಲ್ಲವೂ ಓಡಿಹೋಗುತ್ತವೆ ಎಂದು ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ. ನಿದ್ದೆ ಬಾರದವನಿಗೂ ಏಳಲಾರದವನಿಗೂ ಒಂದೇ ನೀರು ಹೇಗೆ ಎಂಬ ಅನುಮಾನ ಬೇರೆಯವರಿಗೆ ಹುಟ್ಟಬಹುದಿತ್ತು. ಒಂದೇ ಬಿಳಿ ಡಬ್ಬದಿಂದ ಸಾವಿರ ಬಣ್ಣ ತೆಗೆಯುವ ಬಣ್ಣದಣ್ಣನಿಗೆ ಅದು ತೀರಾ ಸಹಜವಾಗಿ ಕಂಡಿತು.

ಅವನು ನೇರ ಅಕ್ಕಸಾಲಿಯ ಅಂಗಡಿಗೆ ಹೋಗಿ ಬೆಳ್ಳಿ ತಂತಿ ಕೇಳಿದ.

"ಏನು ಮಾಡಿಸ್ತೀರಾ?" ಎಂದ ಅಕ್ಕಸಾಲಿ.

"ಔಷಧಿ."

ಅಕ್ಕಸಾಲಿ ಕನ್ನಡಕ ಹಣೆಗೇರಿಸಿ, "ಬೆಳಗಿಂದ ಸಂಜೆವರೆಗೂ ಬೆಳ್ಳಿ ಧೂಳಿನಲ್ಲೇ ಕೂತಿರ್ತೀನಿ ಸ್ವಾಮಿ. ನನ್ನ ಮೂಗು ನೋಡಿ" ಎಂದು ಹೇಳಿ ಜೋರಾಗಿ ಸೀನಿದ.

"ಧೂಳು ಬೇರೆ, ನೀರು ಬೇರೆ," ಎಂದ ಬಣ್ಣದಣ್ಣ. ಎರಡು ಗಂಟೆಯ ಹಿಂದೆ ಕಲಿತ ಶಾಸ್ತ್ರದಲ್ಲಿ ಮನುಷ್ಯನಿಗಿರುವಷ್ಟು ಖಾತ್ರಿ ಎರಡು ವರ್ಷ ಕಲಿತದ್ದರಲ್ಲಿ ಇರುವುದಿಲ್ಲ.

ಮನೆಯಲ್ಲಿ ಅವನ ಹೆಂಡತಿಯ ಕಾಟ ಬೇರೆ. ಅವಳು ಓದಿದವಳು, ಮೇಲಾಗಿ ಹೆದರುವ ಸ್ವಭಾವದವಳು. ಹಾಲಿನ ಪೊಟ್ಟಣದ ಮೇಲಿನ ದಿನಾಂಕವಷ್ಟೇ ಅಲ್ಲ, ಬೆಂಕಿಪೊಟ್ಟಣದ ಮೇಲಿನ ಎಚ್ಚರಿಕೆಯನ್ನೂ ಓದುವವಳು. ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಜಾಡಿ, ತಂತಿ, ಬ್ಯಾಟರಿ ಕಂಡು ಅವಳು ನಿಂತಲ್ಲೇ ನಿಂತಳು.

"ಇದು ಬ್ಯಾಟರಿಗೆ ತುಂಬಿಸೋ ನೀರಲ್ವೇನ್ರೀ?"

"ಡಿಸ್ಟಿಲ್ಡ್ ವಾಟರ್. ಇದಕ್ಕಿಂತ ಶುದ್ಧವಾದ ನೀರೇ ಇಲ್ಲ."

"ನಾನು ಓದಿ ನೋಡೋವರೆಗೂ ಯಾರೂ ಕುಡೀಬೇಡಿ."

ಸಂಜೆಯೊಳಗೆ ಅವಳು ಓದಿ ಮುಗಿಸಿದ್ದಳು. "ಬೆಳ್ಳಿಗೆ ಕ್ರಿಮಿ ಸಾಯಿಸೋ ಗುಣ ಇರೋದು ನಿಜವಂತೆ. ಸುಟ್ಟಗಾಯಕ್ಕೆ ಹಚ್ಚೋ ಮುಲಾಮಿನಲ್ಲಿ ಡಾಕ್ಟರುಗಳೇ ಬಳಸ್ತಾರಂತೆ. ಆದರೆ ಕುಡಿದರೆ ಯಾವ ರೋಗವೂ ವಾಸಿಯಾಗುತ್ತೆ ಅಂತ ಯಾರೂ ತೋರಿಸಿಲ್ಲ. ದೇಹಕ್ಕೆ ಬೆಳ್ಳಿ ಬೇಕಾಗೇ ಇಲ್ಲ. ಹೆಚ್ಚಾದರೆ ಚರ್ಮದ ಒಳಗೆ ಕೂತುಕೊಂಡು ಮನುಷ್ಯ ನೀಲಿಯಾಗ್ತಾನೆ."

ಬಣ್ಣದಣ್ಣನ ಕಿವಿಗೆ ಒಂದೇ ವಾಕ್ಯ ಬಿದ್ದಿತ್ತು. "ನೋಡಿದ್ಯಾ? ಡಾಕ್ಟರುಗಳೇ ಬಳಸ್ತಾರೆ."

"ಮೇಲೆ ಹಚ್ತಾರೆ ರೀ."

"ಹಿಂದೆ ರಾಜರುಗಳು ಬೆಳ್ಳಿ ತಟ್ಟೆಯಲ್ಲೇ ಉಣ್ತಿದ್ರು, ಗೊತ್ತಾ?"

"ಉಣ್ತಿದ್ರು. ತಟ್ಟೆ ತಿಂತಿರಲಿಲ್ಲ."

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಂಥ ಹೆಂಡತಿಯರನ್ನು ನೋಡಿಯೇ ಮಾಡಿರಬೇಕು ಎಂದುಕೊಂಡು ಬಣ್ಣದಣ್ಣ ಬ್ಯಾಟರಿ ಜೋಡಿಸಿದ.

ಮೊದಲ ರೋಗಿ ತಾನೇ ಆದ. ಬಾಯಿಹುಣ್ಣಿತ್ತು, ಬೆಳ್ಳಿ ನೀರನ್ನು ಬಾಯಲ್ಲಿ ಆಡಿಸಿ ಉಗುಳಿದ. ಹುಣ್ಣುಗಳು ಸಾಮಾನ್ಯವಾಗಿ ಎಷ್ಟು ಕಾಲ ಇರುತ್ತವೋ ಅಷ್ಟೇ ಕಾಲ ಇದ್ದು ಅದು ಹೋಯಿತು. ಕೀರ್ತಿ ಬೆಳ್ಳಿಗೆ ಸಂದಿತು. ಆಮೇಲೆ ತಾನು ಕುಡಿಯಲು ಅವನಿಗೆ ಪುರುಸೊತ್ತಾಗಲಿಲ್ಲ. ಬಡಿಸುವವನೇ ಎಲೆಯ ಮುಂದೆ ಕೂತರೆ ಪಂಕ್ತಿಯ ಗತಿಯೇನು?

ಮಹಡಿಯ ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ್ ಇದ್ದರು, ಮಂಡಿನೋವಿನವರು. ಅವರಿಗೊಂದು ಬಾಟಲಿ ಹೋಯಿತು. ಮಾರನೆಯ ಬೆಳಗ್ಗೆ ಅವರು ಪೇಪರ್ ತೆಗೆದುಕೊಳ್ಳಲು ಇಳಿದಾಗ ಬಣ್ಣದಣ್ಣ ಮೆಟ್ಟಿಲ ಬುಡದಲ್ಲಿ ನಿಂತಿದ್ದ.

"ಮಂಡಿ ಹೇಗಿದೆ ಸಾರ್?"

"ಹಾಗೇ ಇದೆಯಪ್ಪ."

ಬಣ್ಣದಣ್ಣನ ಮುಖ ನೀರು ಹೆಚ್ಚಾದ ಸುಣ್ಣದ ಹಾಗೆ ಇಳಿದುಹೋಯಿತು. ಪೋಸ್ಟ್‌ಮಾಸ್ಟರ್ ಮೃದು ಮನಸ್ಸಿನವರು. ಮರುದಿನ, "ಪರವಾಗಿಲ್ಲ" ಎಂದರು. ಅದರ ಮರುದಿನ, "ಓಡಬಹುದು ಅನ್ನಿಸ್ತಾ ಇದೆ" ಎಂದುಬಿಟ್ಟರು. ಅಂದ ತಪ್ಪಿಗೆ, ಅವನು ಕೆಳಗೆ ನಿಂತು ಕಣ್ತುಂಬ ನೋಡುತ್ತಿರುವಾಗ, ಕಂಬಿ ಹಿಡಿಯದೆ ಮಹಡಿ ಹತ್ತಬೇಕಾಯಿತು. ಮೇಲೆ ತಲುಪಿ ಬಾಗಿಲು ಹಾಕಿಕೊಂಡ ಮೇಲಷ್ಟೇ ಅವರು ನರಳಿದರು.

ಎದುರು ಮನೆಯ ಟೈಲರಕ್ಕನಿಗೆ ಕಣ್ಣು ಮಂಜು. ಬಾಟಲಿ ತಲುಪಿದ ಮೂರನೆಯ ದಿನ ಅವನೆದುರೇ ಸೂಜಿಗೆ ದಾರ ಪೋಣಿಸಿದಳು. ಅದು ಹೇಗೆ ಒಂದೇ ಸಲಕ್ಕೆ ತೂರಿತೋ ಅವಳಿಗೇ ಆಶ್ಚರ್ಯ. ಮೂಲೆಮನೆಯ ದಫೇದಾರ, "ಗೊರಕೆ ನಿಂತೇಹೋಯ್ತು ಅಂತ ನಮ್ಮ ಮನೆಯವಳು ಹೇಳ್ತಾಳೆ ಅಣ್ಣ" ಎಂದ. ಆ ವಾರವೆಲ್ಲ ತನಗೆ ಠಾಣೆಯಲ್ಲಿ ರಾತ್ರಿ ಪಾಳಿ ಎಂಬುದನ್ನು ಹೇಳಲಿಲ್ಲ.

ಈ ಜಯಭೇರಿ ಕಿಟಕಿಯ ಬಳಿ ಕೂತಿದ್ದ ಅತ್ತೆಯ ಕಿವಿಗೂ ಬಿತ್ತು. ಒಂದು ಬೆಳಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಾಗ ಅವರು ಕರೆದರು.

"ಅಳಿಯಂದಿರೇ, ನನಗೂ ಒಂದು ಲೋಟ ಕೊಡಿ ನೋಡೋಣ. ಅವಳಿಗೆ ಹೇಳಬೇಡಿ, ಸುಮ್ಮನೆ ಗಾಬರಿಯಾಗ್ತಾಳೆ."

ಮದುವೆಯಾದಂದಿನಿಂದ ಅತ್ತೆ ಅವನ ಕೈಯಿಂದ ಏನನ್ನಾದರೂ ಬೇಡಿ ತೆಗೆದುಕೊಂಡದ್ದು ಅದೇ ಮೊದಲು. ಅಂದಿನಿಂದ ದಿನಾ ಬೆಳಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವರು ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಇವನು ಲೋಟ ಹಿಡಿದು ಹಾಜರು. ಅವರು ಗುಟುಕು ಗುಟುಕಾಗಿ ಕುಡಿದು ಮುಗಿಸುವವರೆಗೂ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಒಂದು ದಿನ ಅವರು ಫೋನಿನಲ್ಲಿ ದೊಡ್ಡ ಮಗಳಿಗೆ, "ನಮ್ಮ ಚಿಕ್ಕ ಅಳಿಯಂದಿರ ಕೈಗುಣ ದೊಡ್ಡದು ಕಣೇ. ಬೀದಿಯೆಲ್ಲ ಹೊಗಳುತ್ತೆ" ಎಂದದ್ದನ್ನು ಬಾಗಿಲ ಮರೆಯಿಂದ ಕೇಳಿಸಿಕೊಂಡ. ಆ ಸಂತೋಷದಲ್ಲಿ ಅಂಗಡಿಗೆ ಹೋಗಿ ಯಾರದೋ ಮಲಗುವ ಕೋಣೆಗೆ ಬೇಕಾಗಿದ್ದ ತಿಳಿಹಸಿರನ್ನು ಗಿಳಿಹಸಿರು ಮಾಡಿ ಕಳಿಸಿದ.

ಕೆಲವು ದಿನ ಹೀಗೆ ಸಾಗಿತು. ಆಮೇಲೆ ಅತ್ತೆ ತೂಕಡಿಸತೊಡಗಿದರು. ಬೆಳಗ್ಗೆ ಕುರ್ಚಿಯಲ್ಲಿ, ಮಧ್ಯಾಹ್ನ ಊಟದ ಮುಂದೆ, ಮಾತಿನ ನಡುವೆ. ಬಿಸಿಲಿನಲ್ಲೂ ಶಾಲು ಹೊದ್ದರು. ದೊಡ್ಡ ಅಳಿಯನ ಮಾತನ್ನು ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚಿದ ದಿನ ಮಾತ್ರ ಇಡೀ ಮನೆಗೆ ಗಾಬರಿಯಾಯಿತು.

"ಅಮ್ಮನಿಗೆ ಏನೋ ಆಗಿದೆ," ಎಂದಳು ಹೆಂಡತಿ ತಿಂಡಿಯ ಹೊತ್ತಿಗೆ, ಫೋನ್ ಕೈಯಲ್ಲಿ ಹಿಡಿದು. "ಥೈರಾಯ್ಡ್ ಮಾತ್ರೆ ಹತ್ತದೇ ಇದ್ದಾಗ ಹೀಗೇ ಆಗ್ತಿತ್ತು. ಆದರೆ ಮಾತ್ರೆ ತಪ್ಪಿಸಿಲ್ವಲ್ಲ. ಅಂದಹಾಗೆ, ಆವತ್ತು ಓದ್ತಿದ್ನಲ್ಲ, ನಿಮ್ಮ ಬೆಳ್ಳಿ ನೀರು ಕುಡಿದರೆ ಕೆಲವು ಔಷಧಿ ದೇಹಕ್ಕೆ ಹತ್ತೋದೇ ಇಲ್ಲವಂತೆ. ಥೈರಾಯ್ಡ್ ಮಾತ್ರೆಯಂತೂ ಹೆಸರು ಹಿಡಿದೇ ಬರೆದಿದ್ದಾರೆ. ಸದ್ಯ, ಅಮ್ಮ ಕುಡೀತಿಲ್ಲ."

ಬಣ್ಣದಣ್ಣನ ಕೈಯಲ್ಲಿದ್ದ ಕಾಫಿ ಲೋಟ ತಟ್ಟೆಯ ಮೇಲೆ ಕೂತದ್ದು ಮೇಜು ನಡುಗುವ ಹಾಗೆ.

"ನೀಲಿಯಾಗ್ತಾರೆ ಅಂದ್ನಲ್ಲ, ಇಲ್ಲಿ ನೋಡಿ ಚಿತ್ರ," ಎಂದು ಅವಳು ಫೋನ್ ಮುಂದೆ ಹಿಡಿದಳು. ಮುದುಕನೊಬ್ಬ ನಗುತ್ತಿದ್ದ. ಮುಖವೆಲ್ಲ ನೀಲಿ ಬೆರೆತ ಬೂದು.

"ನಮ್ಮ ಶೇಡ್ ಕಾರ್ಡಿನ ಬೂದು ಪುಟ, ಕೆಳಗಿನ ಸಾಲು," ಎಂದಿತು ಬಣ್ಣದಣ್ಣನ ಬಾಯಿ, ಬುದ್ಧಿಯನ್ನು ಕೇಳದೆ. "ಕಾರ್ಮೋಡದ ಅಂಚು. ಕಿಟಕಿ ಕಂಬಿಗಳಿಗೆ ಚೆನ್ನಾಗಿ ಒಪ್ಪುತ್ತೆ." ಆಮೇಲೆ ಬುದ್ಧಿ ಬಂತು. "ಇದು ಹೋಗಲ್ವಾ? ತೊಳೆದರೆ?"

"ಹೋಗಲ್ಲ. ಒಳಗೇ ಸೇರಿಹೋಗಿರುತ್ತಂತೆ."

ಹೆಂಡತಿ ಇಷ್ಟು ದಿನ ಹೇಳಿದ್ದು ತಲೆಗೆ ಹೋಗದವನಿಗೆ ಈಗ ಒಂದೇ ಏಟಿಗೆ ಹೋಯಿತು. ಮೇಲೆ ಹಚ್ಚಿದ ಬಣ್ಣವನ್ನು ಕೆರೆದು ತೆಗೆಯಬಹುದು. ಗಾರೆಯಲ್ಲೇ ಕಲಸಿದ ಬಣ್ಣ ತೆಗೆಯಬೇಕಾದರೆ ಗೋಡೆಯನ್ನೇ ಕೆಡವಬೇಕು. ಅವನು ಬೀದಿಯ ಗಾರೆಗೆಲ್ಲ ಬಣ್ಣ ಕಲಸಿದ್ದ.

"ಅತ್ತೆ ಕುಡೀತಿದ್ದಾರೆ," ಎಂದ.

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಅವನನ್ನು ಒಂದು ಸಲ ನೋಡಿ, ತಾಯಿಯ ಕೋಣೆಗೆ ಹೋಗಿ ಬಂದಳು. ಭಾವನಿಗೆ ಫೋನ್ ಮಾಡಿದಳು. ಬೆಳಗ್ಗೆಯೇ ಲ್ಯಾಬಿನವರು ಬಂದು ಅತ್ತೆಯ ರಕ್ತ ತೆಗೆದುಕೊಂಡು ಹೋದರು. ಸಂಜೆ ವರದಿ ಹಿಡಿದು ಡಾಕ್ಟರೇ ಬರುವುದೆಂದಾಯಿತು.

"ಅಲ್ಲಿವರೆಗೆ ಇಲ್ಲಿ ಕೂತು ಏನು ಮಾಡ್ತೀರಾ? ಬೀದಿಯವರ ಕೈಲಾದರೂ ಬಿಡಿಸಿ, ಹೋಗಿ."

ಬಣ್ಣದಣ್ಣ ಅಂಗಡಿಗೆ ರಜೆ ಹೇಳಿ, ಬಣ್ಣದ ಮಾದರಿಗಳನ್ನು ಅಂಟಿಸಿದ ಶೇಡ್ ಕಾರ್ಡನ್ನು ಬಗಲಲ್ಲಿಟ್ಟುಕೊಂಡು ಹೊರಟ. ಯಾರು ಎಷ್ಟು ನೀಲಿಯಾಗಿದ್ದಾರೆ ಎಂದು ತಿಳಿಯಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ.

"ಸಾರ್, ಇನ್ನು ಮೇಲೆ ಆ ನೀರು ಕುಡೀಬೇಡಿ," ಎಂದ ಪೋಸ್ಟ್‌ಮಾಸ್ಟರ ಬಾಗಿಲಲ್ಲಿ.

"ಯಾಕೆ ಬಣ್ಣದಣ್ಣ, ಯಾರಾದರೂ ಏನಾದರೂ ಅಂದರಾ? ಬೇರೆಯವರ ವಿಷಯ ನನಗೆ ಗೊತ್ತಿಲ್ಲ. ನಾನಂತೂ ಒಂದು ಹನಿ ಬಿಟ್ಟಿಲ್ಲ."

"ಒಂದು ಹನೀನೂ?"

"ಬಾಟಲಿ ತೊಳೆದು ಆ ನೀರನ್ನೂ ಕುಡಿದೆ," ಎಂದರು ಪೋಸ್ಟ್‌ಮಾಸ್ಟರ್, ಉಪಕಾರ ಮಾಡುವ ಉತ್ಸಾಹದಲ್ಲಿ.

ಬಣ್ಣದಣ್ಣ ಮೆಟ್ಟಿಲ ಮೇಲೆ ಕೂತು ಕಾರ್ಡಿನ ಬೂದು ಪುಟ ತೆಗೆದ. "ಸ್ವಲ್ಪ ಮುಖ ಬೆಳಕಿಗೆ ತಿರುಗಿಸಿ ಸಾರ್." ಕೆನ್ನೆಯ ಪಕ್ಕ ಹಿಡಿದು ನೋಡಿದರೆ ಕಾರ್ಮೋಡದ ಅಂಚು ಅಲ್ಲೇ ಇತ್ತು, ಕಿವಿಯಿಂದ ಗದ್ದದವರೆಗೆ. ಅದು ಕ್ಷೌರ ಮಾಡಿಕೊಳ್ಳದ ಗಡ್ಡ ಎಂದು ಹೊಳೆಯಲು ಹೊತ್ತು ಹಿಡಿಯಿತು.

"ಏನು, ಗೋಡೆಗೆ ನನ್ನ ಬಣ್ಣ ಹೊಡೀತಿದ್ದೀರಾ?" ಎಂದರು ಪೋಸ್ಟ್‌ಮಾಸ್ಟರ್, ಸ್ವಲ್ಪ ಸಂಕೋಚದಿಂದ, ಸ್ವಲ್ಪ ಹೆಮ್ಮೆಯಿಂದ.

"ದಯವಿಟ್ಟು ಶೇವ್ ಮಾಡಿಕೊಂಡಿರಿ. ಮತ್ತೆ ಬರ್ತೀನಿ."

ಟೈಲರಕ್ಕ ಟ್ಯೂಬ್‌ಲೈಟಿನ ಕೆಳಗೆ ನೀಲಿ ಪರದೆ ಹೊಲಿಯುತ್ತಿದ್ದಳು. ಆ ಬೆಳಕಿನಲ್ಲಿ ಅವಳು ಇಡೀ ಪುಟಕ್ಕೇ ಹೊಂದುತ್ತಿದ್ದಳು.

"ಅಕ್ಕ, ಆ ಬಟ್ಟೆ ಪಕ್ಕಕ್ಕಿಟ್ಟು ಒಂಚೂರು ಬಾಗಿಲಿಗೆ ಬರ್ತೀರಾ?"

ಕೆನ್ನೆಗೆ ಕಾರ್ಡು ತಾಗಿದ್ದೇ ಅವಳು, "ಒಂದೇ ಕೋಟು ಸಾಕಾ ಬಣ್ಣದಣ್ಣ, ಮೊದಲು ಪ್ರೈಮರ್ ಹೊಡೀತೀರಾ?" ಎಂದಳು.

"ತಮಾಷೆ ಬೇಡ ಅಕ್ಕ. ಆ ನೀರು ಎಷ್ಟು ಕುಡಿದಿದ್ದೀರಾ, ನಿಜ ಹೇಳಿ."

ಹೊಗಳಿಕೆ ಸಾಲಲಿಲ್ಲವೆಂದು ಬೇಜಾರಾಗಿದೆ, ಪಾಪ, ಎಂದುಕೊಂಡಳು ಟೈಲರಕ್ಕ. "ನೀವು ಹೇಳಿದ್ದು ದಿನಕ್ಕೆ ಒಂದು ಲೋಟ. ನಾನು ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ."

ಬಣ್ಣದಣ್ಣನ ಕಣ್ಣಲ್ಲಿ ನೀರು ಬಂತು. ಅದನ್ನು ಆನಂದಬಾಷ್ಪವೆಂದು ತಿಳಿದ ಅವಳು ಅವನ ಭುಜ ತಟ್ಟಿ, "ಇನ್ನೊಂದು ಬಾಟಲಿ ಕೊಟ್ಟರೂ ಬೇಡ ಅನ್ನಲ್ಲ" ಎಂದಳು.

ಸತ್ಯ ಹೇಳಿಸಲು ಪೊಲೀಸರಿಗೆ ಏನೇನೋ ಸಾಧನಗಳಿವೆಯಂತೆ. ಬಣ್ಣದಣ್ಣನ ಬಳಿ ಕಣ್ಣೀರೊಂದೇ ಇತ್ತು, ಅದು ಸುಳ್ಳನ್ನು ಎರಡುಪಟ್ಟು ಮಾಡುತ್ತಿತ್ತು. ಅವನು ಓಡುವ ನಡಿಗೆಯಲ್ಲಿ ಠಾಣೆಗೆ ಹೋದ. ದಫೇದಾರ ಬಾಗಿಲಲ್ಲೇ ಸಿಕ್ಕ.

"ಕುಡಿಯೋದಾ? ಅಣ್ಣ, ನಾನೊಬ್ಬನೇ ಕುಡಿದರೆ ಸ್ವಾರ್ಥ ಆಗುತ್ತೆ ಅಂತ ನಮ್ಮ ಸಾಹೇಬರಿಗೂ ಕೊಡ್ತಿದ್ದೀನಿ. ದಿನಾ ಕೇಳ್ತಾರೆ, ಎಲ್ಲಯ್ಯಾ ಬೆಳ್ಳಿ ನೀರು ಅಂತ."

ಸರ್ಕಾರಿ ಅಧಿಕಾರಿಯೊಬ್ಬ ಸಮವಸ್ತ್ರದಲ್ಲಿ ನೀಲಿಯಾಗುವ ಚಿತ್ರ ಕಣ್ಮುಂದೆ ಬಂದು, ಬಣ್ಣದಣ್ಣ ದಫೇದಾರನ ತೋಳಿನಡಿಯಿಂದ ನುಸುಳಿ ಇನ್ಸ್‌ಪೆಕ್ಟರ ಕೋಣೆಗೆ ನುಗ್ಗಿದ.

"ಸಾರ್, ತಪ್ಪಾಯ್ತು ಸಾರ್. ಸ್ವಲ್ಪ ಮುಖ ಕೊಡಿ," ಎಂದು ಕಾರ್ಡು ಬಿಚ್ಚಿದ.

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ದಫೇದಾರ್, ಇವರು ದೂರು ಕೊಡೋಕೆ ಬಂದವರಾ, ಶರಣಾಗೋಕೆ ಬಂದವರಾ?"

"ಎರಡಕ್ಕೂ ಸಾರ್," ಎಂದ ಬಣ್ಣದಣ್ಣ. "ನೀವು ಕುಡೀತಿರೋ ಬೆಳ್ಳಿ ನೀರು ನಾನೇ ಮಾಡಿದ್ದು. ಇವತ್ತಿಂದ ನಿಲ್ಲಿಸಿಬಿಡಿ. ನೀಲಿಯಾಗ್ತೀರಾ."

"ಯಾವ ನೀರು?"

ಇನ್ಸ್‌ಪೆಕ್ಟರ ಕಣ್ಣು ನಿಧಾನವಾಗಿ ದಫೇದಾರನ ಮೇಲೆ ಹೋಗಿ ನಿಂತಿತು. ದಫೇದಾರ ಟೋಪಿ ತೆಗೆದು ಅದರೊಳಗೆ ನೋಡುತ್ತಾ ಹೇಳಿದ: "ಡಿಸ್ಟಿಲ್ಡ್ ವಾಟರಲ್ಲೇ ಮಾಡಿದ್ದು ಅಂದಿದ್ರಲ್ಲ ಅಣ್ಣ. ಅದಕ್ಕೇ ಜೀಪಿನ ಬ್ಯಾಟರಿಗೆ ಹಾಕಿದೆ."

"ಈ ವಾರವೆಲ್ಲ ಜೀಪು ತಳ್ಳಿ ತಳ್ಳಿ ಸ್ಟಾರ್ಟ್ ಮಾಡಿದ್ದು ಅದಕ್ಕೇನಯ್ಯಾ?" ಎಂದರು ಇನ್ಸ್‌ಪೆಕ್ಟರು.

ಬಣ್ಣದಣ್ಣ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ದಫೇದಾರನ ಎರಡೂ ಕೈ ಹಿಡಿದುಕೊಂಡಿದ್ದ. "ನೀವು ಕುಡಿದಿಲ್ವಾ? ಒಂದು ಗುಟುಕೂ?"

"ಇಲ್ಲ ಅಣ್ಣ. ಬೇಜಾರು ಮಾಡ್ಕೋಬೇಡಿ."

"ಬೇಜಾರಾ? ನಿಮ್ಮ ಹೊಟ್ಟೆ ತಣ್ಣಗಿರಲಿ. ನಿಮ್ಮ ಮಕ್ಕಳು ಮರಿ ಚೆನ್ನಾಗಿರಲಿ."

"ನೋಡ್ರೀ," ಎಂದರು ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡು, "ಔಷಧಿ ಅಂತ ಇನ್ನೊಂದು ಸಲ ಯಾರಿಗಾದರೂ ಏನಾದರೂ ಕೊಟ್ಟರೆ ಒಳಗೆ ಹಾಕಿಬಿಡ್ತೀನಿ."

"ಖಂಡಿತ ಹಾಕಿ ಸಾರ್," ಎಂದ ಬಣ್ಣದಣ್ಣ ಕೃತಜ್ಞತೆಯಿಂದ. ಆ ಕೃತಜ್ಞತೆಗೆ ಏನು ಉತ್ತರ ಕೊಡಬೇಕೆಂದು ಇಲಾಖೆಯ ನಿಯಮಗಳಲ್ಲಿ ಇರಲಿಲ್ಲವಾದ್ದರಿಂದ ಇನ್ಸ್‌ಪೆಕ್ಟರು ಆ ಕಾರ್ಡನ್ನು ಇಸಿದುಕೊಂಡು, ಲಾಕಪ್ಪಿನ ಗೋಡೆಗೆ ಯಾವುದು ಒಪ್ಪುತ್ತದೆ ಎಂದು ಕೇಳಿದರು. ಕೊಳೆ ಕಾಣದ ತಿಳಿಕಂದು ಎಂದು ಹೇಳಿ ಅವನು ಕಾರ್ಡು ವಾಪಸು ಪಡೆದ.

ಜೀಪು ಕೆಡಿಸಿದ ಪ್ರಾಯಶ್ಚಿತ್ತಕ್ಕೆ ದಫೇದಾರ ತಾನೇ ಬೀದಿಗೆ ಜೊತೆಯಾದ. ಖಾಕಿಯ ಮುಂದೆ ಸೌಜನ್ಯ ನಿಲ್ಲುವುದು ಕಷ್ಟ.

"ಅಕ್ಕ, ನಿಜ ಹೇಳಿಬಿಡಿ. ನಾನು ಹೇಳಿಯಾಯ್ತು," ಎಂದ.

ಟೈಲರಕ್ಕ ಇಸ್ತ್ರಿಪೆಟ್ಟಿಗೆಯ ಕಡೆ ಬೆರಳು ತೋರಿಸಿದಳು. "ಹಬೆ ಇಸ್ತ್ರಿಗೆ ಹಾಕ್ತಿದ್ದೆ. ಚೆನ್ನಾಗಿ ಹಬೆ ಬರುತ್ತೆ, ಸುಳ್ಳು ಹೇಳಬಾರದು."

ಪೋಸ್ಟ್‌ಮಾಸ್ಟರ್ ನುಣ್ಣಗೆ ಕ್ಷೌರ ಮಾಡಿಕೊಂಡು ಕಾಯುತ್ತಿದ್ದರು. "ಕುಂಡದ ಗಿಡಕ್ಕೆ ಹುಯ್ದೆ," ಎಂದು ತಲೆ ತಗ್ಗಿಸಿದರು. "ಗಿಡ ಸ್ವಲ್ಪ ಬಾಡಿದೆ."

"ಬಾಟಲಿ ತೊಳೆದು ಕುಡಿದಿರಿ ಅಂದಿದ್ರಲ್ಲ ಸಾರ್?"

"ತೊಳೆದದ್ದು ನಿಜ. ಅದರಲ್ಲಿ ಈಗ ಹರಳೆಣ್ಣೆ ಇದೆ. ಮಂಡಿಗೆ."

ಬಣ್ಣದಣ್ಣ ಒಬ್ಬೊಬ್ಬರಿಗೂ ಕೈಮುಗಿದ. ಇಷ್ಟು ಜನ ತನ್ನನ್ನು ನಂಬಲಿಲ್ಲವಲ್ಲ ಎಂಬ ಸಂತೋಷ ಒಬ್ಬ ಮನುಷ್ಯನಿಗೆ ಈ ಪರಿ ಆದದ್ದು ಆ ಬೀದಿಯ ಚರಿತ್ರೆಯಲ್ಲೇ ಮೊದಲು. ಅವರು ಕ್ಷಮೆ ಕೇಳುತ್ತಿದ್ದರು, ಅವನು ಉಪಕಾರ ಸ್ಮರಿಸುತ್ತಿದ್ದ. ಎರಡೂ ಕಡೆಯವರ ಮಾತು ಒಂದಕ್ಕೊಂದು ಕೂಡದೆ, ಕೊನೆಗೆ ಎಲ್ಲರೂ ಸುಮ್ಮನೆ ನಕ್ಕರು. ಅವನೂ ನಕ್ಕ. ನಗುತ್ತಿರುವಾಗಲೇ ನೆನಪಾಯಿತು: ಬೀದಿಯಲ್ಲಿ ಒಬ್ಬರು ಮಾತ್ರ ಅವನ ಕಣ್ಣೆದುರೇ, ಲೋಟ ಖಾಲಿಯಾಗುವವರೆಗೂ, ನಿಜವಾಗಿ ಕುಡಿದಿದ್ದರು.

ಸಂಜೆ ಅತ್ತೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಬಣ್ಣದಣ್ಣ ಎದುರಿಗೆ ಕೂತಿದ್ದ. ಶಾಲಿನ ಹೊರಗೆ ಅವರ ಒಂದು ಕೈ ಇತ್ತು, ಅದರ ಉಗುರುಗಳು ಕಾಣುತ್ತಿದ್ದವು. ಬೀದಿಗೆಲ್ಲ ಹಿಡಿದ ಕಾರ್ಡನ್ನು ಆ ಕೈಯ ಪಕ್ಕ ಹಿಡಿಯುವ ಧೈರ್ಯ ಅವನಿಗೆ ಬರಲಿಲ್ಲ. ಎಲ್ಲರ ಬಣ್ಣವನ್ನೂ ಕಣ್ಣಿಟ್ಟು ನೋಡುವವನು ಆ ಹೊತ್ತು ಕಿಟಕಿಯಾಚೆಗೆ ನೋಡುತ್ತಾ ಕೂತ.

ಡಾಕ್ಟರು ಬಂದರು. ಅತ್ತೆಯ ಕಣ್ಣಿನ ರೆಪ್ಪೆ ಎಳೆದು ನೋಡಿದರು, ವಸಡು ನೋಡಿದರು, ಉಗುರು ನೋಡಿದರು. ವರದಿಯನ್ನು ಮಡಚಿ ಜೇಬಿಗಿಟ್ಟು, "ಮಾತ್ರೆ ಆದ ಎಷ್ಟು ಹೊತ್ತಿಗೆ ಆ ನೀರು ಕೊಡ್ತಿದ್ರಿ?" ಎಂದು ಕೇಳಿದರು.

"ಕೂಡಲೇ ಭಾವ," ಎಂದ ಬಣ್ಣದಣ್ಣ.

"ಅದಕ್ಕೇ. ಇಷ್ಟು ದಿನ ನುಂಗಿದ ಮಾತ್ರೆ ಸರಿಯಾಗಿ ಹತ್ತಿಲ್ಲ. ಆ ನೀರು ನಿಲ್ಲಿಸಿ, ಮಾತ್ರೆ ಖಾಲಿ ಹೊಟ್ಟೆಗೆ ತಗೊಂಡು ಅರ್ಧ ಗಂಟೆ ಏನೂ ಮುಟ್ಟದೆ ಇದ್ದರೆ ಕೆಲವು ವಾರದಲ್ಲಿ ಮೊದಲಿನ ಹಾಗಾಗ್ತಾರೆ. ಆಮೇಲೆ ಮತ್ತೊಂದು ಸಲ ರಕ್ತ ನೋಡೋಣ. ಕುಡಿದಿರೋದು ಸ್ವಲ್ಪವೇ, ಬಣ್ಣ ತಿರುಗೋ ಲಕ್ಷಣ ಯಾವುದೂ ಕಾಣ್ತಿಲ್ಲ."

ಬಣ್ಣದಣ್ಣ ಎದ್ದು ಅವರ ಕಾಲಿಗೆ ಬೀಳುವವನಿದ್ದ. ಡಾಕ್ಟರು ಅವನನ್ನು ಹೊರಗೆ ಜಗಲಿಗೆ ಕರೆದುಕೊಂಡು ಹೋದರು. ಈಗ ಬಂತು ನೋಡು ಮಂಗಳಾರತಿ ಎಂದು ಅವನು ಕಣ್ಣು ಮುಚ್ಚಿಕೊಂಡ.

"ಬೀದಿಯವರ ಕಥೆ ಕೇಳಿದೆ," ಎಂದರು ಡಾಕ್ಟರು. "ನನ್ನ ರೋಗಿಗಳೂ ಹಾಗೇ ಮಾರಾಯ್ರೇ. ಕೊಟ್ಟದ್ದನ್ನ ತಗೊಳ್ಳಲ್ಲ, ತಗೊಂಡೆ ಅಂತಾರೆ. ಆದರೆ ನನ್ನ ವಿಷಯದಲ್ಲಿ ಅದರಿಂದ ಯಾರೂ ಬದುಕಿಕೊಂಡಿಲ್ಲ. ನಿಮ್ಮ ಅದೃಷ್ಟ."

ಅಂದು ಮೊದಲ ಸಲ ಆ ಇಬ್ಬರು ಷಡ್ಡಕರು ಒಟ್ಟಿಗೆ ಜಗಲಿಯ ಮೇಲೆ ಕೂತು ನಕ್ಕರು. ಒಳಗಿನಿಂದ ಹೆಂಡತಿ ಆ ನಗು ಕೇಳಿ, ಗಾಜಿನ ಜಾಡಿಯನ್ನು ಮೂರು ಸಲ ತೊಳೆದು, ಆದರೂ ನಂಬಿಕೆ ಬಾರದೆ ಕಸಕ್ಕೆ ಹಾಕಿದಳು.

ಮರುದಿನ ಬೆಳಗ್ಗೆ ಬಣ್ಣದಣ್ಣ ಅತ್ತೆಯ ಕೋಣೆಯ ಕಡೆ ಹೋಗಲಿಲ್ಲ. ಅಡುಗೆಮನೆಯಲ್ಲಿ ನಿಂತು, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದ. ಮಾತ್ರೆಯ ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ದನಿ.

"ಅಳಿಯಂದಿರೇ, ಎಲ್ಲಿದ್ದೀರಿ?"

ಅವನು ಬಾಗಿಲಲ್ಲಿ ಬಂದು ನಿಂತ. "ಅತ್ತೆ, ನಾನು ದೊಡ್ಡ ತಪ್ಪು ಮಾಡಿದೆ. ನಿಮಗೆ ಏನಾದರೂ ಆಗಿದ್ರೆ…"

"ಆಗಿಲ್ವಲ್ಲ. ನಿಮ್ಮ ನೀರು ಕೆಲಸ ಮಾಡುತ್ತೆ ಅಂತ ನಾನೇನು ಕುಡೀಲಿಲ್ಲ. ತಗಡು ನೆಕ್ಕಿದ ಹಾಗಿತ್ತು."

"ಮತ್ತೆ ಯಾಕೆ ಕುಡಿದ್ರಿ?"

ಅತ್ತೆ ಶಾಲು ಸರಿಮಾಡಿಕೊಂಡರು. "ದೊಡ್ಡ ಅಳಿಯಂದಿರ ಮಾತ್ರೆ ಒಳ್ಳೇದು. ನುಂಗಿದರೆ ಮುಗೀತು, ಅವರು ಬಂದು ಕೂರಬೇಕಾದ್ದಿಲ್ಲ. ನೀವು ಮಾತ್ರ ಲೋಟ ಖಾಲಿಯಾಗೋವರೆಗೂ ಕೂತಿರ್ತಿದ್ರಿ. ಅದಕ್ಕೇ ಮೆಲ್ಲಗೆ ಕುಡೀತಿದ್ದೆ."

ಬಣ್ಣದಣ್ಣ ಬಾಗಿಲ ಚೌಕಟ್ಟಿನ ವಾರ್ನಿಷ್ ಉದುರಿದ ಜಾಗವನ್ನು ಉಗುರಿನಿಂದ ಕೆರೆದ.

"ಇವತ್ತು ನೀರಿಲ್ಲ ಸರಿ. ನೀವೂ ಇಲ್ವಾ?" ಎಂದರು ಅತ್ತೆ. "ಕಾಫಿಗೆ ಇನ್ನೂ ಅರ್ಧ ಗಂಟೆ ಇದೆ."

ಅವನು ಸ್ಟೂಲು ಎಳೆದುಕೊಂಡು ಕೂತ. ಕೈಯಲ್ಲಿ ಲೋಟವಿಲ್ಲದೆ ಕೂತು ಅಭ್ಯಾಸವಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ಮಂಡಿಯ ಮೇಲಿಟ್ಟುಕೊಂಡ. ಅತ್ತೆ ಕಿಟಕಿಯಾಚೆ ಬೆರಳು ತೋರಿಸಿದರು.

"ಆ ಎದುರುಮನೆ ಗೋಡೆ," ಎಂದರು ಅತ್ತೆ, "ಬೆಳಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ ಕಾಣುತ್ತಲ್ಲ. ಅದು ಹೇಗೆ? ಬಂದಾಗಿನಿಂದ ನೋಡ್ತಿದ್ದೀನಿ. ಯಾರನ್ನ ಕೇಳೋದು ಅಂತ ಗೊತ್ತಾಗಲಿಲ್ಲ."

ಬಣ್ಣದಣ್ಣ ಶುರುಮಾಡಿದ. ಬಿಳಿಗೆ ಕೆಂಪು ಒಂದು ಹನಿ ಸೇರಿದರೆ ಬೆಳಗಿನ ಬಿಸಿಲು ಅದನ್ನು ಹೇಗೆ ಹಿಡಿಯುತ್ತದೆ, ಸಂಜೆ ಹೇಗೆ ಬಿಟ್ಟುಕೊಡುತ್ತದೆ ಎನ್ನುವಲ್ಲಿಂದ ಹಿಡಿದು, ತಿಳಿಹಸಿರು ಗಿಳಿಹಸಿರಾಗಿಹೋದ ಕಥೆಯವರೆಗೆ. ಅತ್ತೆ ತೂಕಡಿಸಲಿಲ್ಲ. ಗಿಳಿಹಸಿರಿನ ಕೋಣೆಯಲ್ಲಿ ಮಲಗುವವರ ಗತಿ ನೆನೆದು ಶಾಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಹೆಂಡತಿ ಕಾಫಿ ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಅಮ್ಮ, ಅರ್ಧ ಗಂಟೆ ಆಯ್ತು."

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು ತಾ," ಎಂದರು ಅತ್ತೆ, ಅಳಿಯನ ಮುಖದಿಂದ ಕಣ್ಣು ತೆಗೆಯದೆ. "ಮಾತ್ರೆ ಚೆನ್ನಾಗಿ ಹತ್ತಲಿ."